ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮುನ್ನ: ನಮ್ಮ ರಾಯಚೂರು ಕಡೆಯ ಬಿಸಿಲು, ಕರೆಂಟು, ಧೂಳು ಲೆಕ್ಕಕ್ಕಿಟ್ಟು ಒಂದು ಮಾರ್ಗದರ್ಶಿ

ಗಂಗಾವತಿಯಲ್ಲಿರುವ ನನ್ನ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾಮಾ, ಗೇಮ್ ಆಡಾಕ ಯಾವ ಕಾರ್ಡ್ ತಗೊಳ್ಲಿ ಹೇಳ್ರಿ, ನಾಳೆನೇ ಆರ್ಡರ್ ಮಾಡ್ತೀನಿ" ಅಂದ. ನಾನು ಕಾರ್ಡಿನ ಹೆಸರು ಹೇಳಲಿಲ್ಲ. "ಮೊದ್ಲು ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಮ್ಯಾಲಿನ ಲೇಬಲ್ ಫೋಟೊ ಕಳಿಸು" ಅಂದೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಮಾಡಿ ಹಂಚುವ ಡಬ್ಬಿ. ಅವನಿಗೆ ಬೇಜಾರಾಯಿತು. ಆದರೆ ಆ ಒಂದು ಫೋಟೊ ಅವನ ಹೊಸ ಕಾರ್ಡನ್ನು ಉಳಿಸಿತು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಕಾರ್ಡ್‌ಗಳನ್ನು ಹೋಲಿಸುವ ವಿಡಿಯೊಗಳು ಬೇಕಾದಷ್ಟಿವೆ. ಅವು ಉಪಯುಕ್ತವೇ. ಆದರೆ ಆ ಪರೀಕ್ಷೆಗಳು ನಡೆಯುವುದು ತಂಪು ಕೋಣೆಯಲ್ಲಿ, ಒಳ್ಳೆಯ ಎಸ್‌ಎಂಪಿಎಸ್ ಮೇಲೆ, ಹೊಸ ಪ್ರೊಸೆಸರ್ ಜೊತೆ. ನಮ್ಮ ಮನೆಗಳಲ್ಲಿ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಕೋಣೆಯೇ 38, 40 ಡಿಗ್ರಿ ಇರುತ್ತದೆ. ಅದಕ್ಕೇ ನಾನು ಯಾರು ಕೇಳಿದರೂ ಇದನ್ನೇ ಹೇಳುವುದು: ಕಾರ್ಡ್ ಆರಿಸುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲು ನಿಮ್ಮ ಹತ್ತಿರ ಈಗ ಏನಿದೆ ಅಂತ ನೋಡಿಕೊಳ್ಳಿ.

ಹೆಜ್ಜೆ 1: ನಿಧಾನ ಮಾಡುತ್ತಿರುವುದು ಯಾವುದು, ಪತ್ತೆ ಹಚ್ಚಿ

ಆಟ ತಡವರಿಸಿದರೆ ತಪ್ಪು ಕಾರ್ಡಿನದೇ ಅಂತೇನಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರ ಜೊತೆಗೆ ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ರಿವಾಟ್ಯೂನರ್ ಕೂಡ ಬರುತ್ತದೆ. ಆಟ ನಡೆಯುವಾಗ ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಎಂಬ ಲೆಕ್ಕ), ಕಾರ್ಡಿನ ಬಳಕೆ, ಕಾರ್ಡಿನ ಮೆಮೊರಿ, ತಾಪಮಾನ ಎಲ್ಲ ಕಾಣುವಂತೆ ಮಾಡಿ. ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ (ಚಿತ್ರಗಳ ವೇಗವನ್ನು ಮಾನಿಟರಿಗೆ ಹೊಂದಿಸುವ ಆಯ್ಕೆ) ಮತ್ತು ಎಫ್‌ಪಿಎಸ್ ಮಿತಿ ಎರಡನ್ನೂ ತೆಗೆಯಿರಿ. ಇಲ್ಲದಿದ್ದರೆ ಅಂಕಿ ದಾರಿ ತಪ್ಪಿಸುತ್ತದೆ. ನೀವು ಯಾವಾಗಲೂ ಆಡುವ ಆಟವನ್ನೇ ಅರ್ಧ ಗಂಟೆ ಆಡಿ.

ಕಾರ್ಡಿನ ಬಳಕೆ ಶೇ 95ರಿಂದ 99ರ ನಡುವೆಯೇ ನಿಂತಿದ್ದರೆ ಕಾರ್ಡ್ ತನ್ನ ಕೈಲಾದಷ್ಟು ಮಾಡುತ್ತಿದೆ, ಬದಲಿಸಿದರೆ ಫಲ ಸಿಗುತ್ತದೆ ಅಂತ ಅರ್ಥ. ಬಳಕೆ ಶೇ 50, 60ರಲ್ಲೇ ಇದ್ದು ಎಫ್‌ಪಿಎಸ್ ಏರುತ್ತಿಲ್ಲವೇ? ಆಗ ಅಡ್ಡಿ ಬೇರೆ ಕಡೆ ಇದೆ. ಖಾತ್ರಿ ಮಾಡಿಕೊಳ್ಳಲು ಆಟದ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ. ಆಗಲೂ ಎಫ್‌ಪಿಎಸ್ ಅಷ್ಟೇ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಸೋಲುತ್ತಿದೆ. ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಆ ಆಟ ಓಡುವುದು ಅಷ್ಟೇ.

ನನ್ನ ಸೋದರಳಿಯನ ಕಂಪ್ಯೂಟರಿನಲ್ಲಿ ರೈಜೆನ್ 5 3600 ಪ್ರೊಸೆಸರ್, ಬಿ450 ಬೋರ್ಡ್ (ಮದರ್‌ಬೋರ್ಡ್), 4 ಜಿಬಿಯ ಜಿಟಿಎಕ್ಸ್ 1650 ಕಾರ್ಡ್ ಇತ್ತು. ರ‍್ಯಾಮ್ 8 ಜಿಬಿಯದು ಒಂದೇ ಕಡ್ಡಿ. ನಮ್ಮ ಕಡೆ ಅಸೆಂಬಲ್ ಮಾಡಿಸಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ನಾನು ಇದನ್ನೇ ಕಂಡಿದ್ದೇನೆ. ಅದೇ ವೇಗದ ಇನ್ನೊಂದು 8 ಜಿಬಿ ಕಡ್ಡಿ ಹಾಕಿದರೆ ಮೆಮೊರಿ ಎರಡು ದಾರಿಯಲ್ಲಿ ಓಡುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ಕಡ್ಡಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಮಾಡಿ. ಅವನಿಗೆ ಇಷ್ಟರಲ್ಲೇ ವ್ಯಾಲೊರಂಟ್‌ನ ತಡವರಿಕೆ ನಿಂತಿತು. ಸೈಬರ್‌ಪಂಕ್ 2077ಕ್ಕೆ ಮಾತ್ರ ಕಾರ್ಡ್ ಸಾಲುತ್ತಿರಲಿಲ್ಲ. ಅಲ್ಲಿ ಬಳಕೆ ಶೇ 99ಕ್ಕೆ ಅಂಟಿಕೊಂಡಿತ್ತು.

ಹೆಜ್ಜೆ 2: ಮಾನಿಟರ್ ನೋಡಿ

ಇದು ಚಿಕ್ಕ ಮಾತು, ಆದರೆ ದುಡ್ಡು ಉಳಿಸುತ್ತದೆ. ನಿಮ್ಮ ಮಾನಿಟರ್ 1080ಪಿ, 75 ಹರ್ಟ್ಸ್ ಇದ್ದರೆ ಸೆಕೆಂಡಿಗೆ 75 ಚಿತ್ರಕ್ಕಿಂತ ಜಾಸ್ತಿ ಅದು ತೋರಿಸುವುದೇ ಇಲ್ಲ. 150 ಎಫ್‌ಪಿಎಸ್ ಕೊಡುವ ಕಾರ್ಡಿಗೆ ಸುಮ್ನೆ ದುಡ್ಡು ಸುರಿಯುವುದು ಯಾಕೆ? 1440ಪಿ ಮಾನಿಟರ್ ಇದ್ದರೆ ಅಥವಾ ಈ ವರ್ಷವೇ ಕೊಳ್ಳುವುದು ನಿಶ್ಚಯವಾಗಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಿ.

ಹೆಜ್ಜೆ 3: ಎಸ್‌ಎಂಪಿಎಸ್ ಲೇಬಲ್ ಓದುವುದು

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ನೋಡಬೇಡಿ. ಲೇಬಲ್‌ನ ಕೋಷ್ಟಕದಲ್ಲಿ 12 ವೋಲ್ಟ್ ಎಂಬ ಕಂಬದ ಕೆಳಗೆ ಎಷ್ಟು ಆಂಪಿಯರ್ ಇದೆ ಅಂತ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಶಕ್ತಿ ಎಳೆಯುವುದು ಆ ಸಾಲಿನಿಂದಲೇ. ಸೋದರಳಿಯ ಕಳಿಸಿದ ಫೋಟೊದಲ್ಲಿ ಅಲ್ಲಿ 16 ಆಂಪಿಯರ್ ಅಂತಿತ್ತು. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. 450ರ ಹಣೆಪಟ್ಟಿಯ ಕೆಳಗೆ ಗೇಮಿಂಗ್‌ಗೆ ಸಿಗುವುದು ಇಷ್ಟೇ. ಅವನ ಮನಸ್ಸಿನಲ್ಲಿದ್ದ ಕಾರ್ಡ್ ಒಂದೇ 165 ವ್ಯಾಟ್ ತಿನ್ನುತ್ತದೆ. ಪ್ರೊಸೆಸರ್‌ಗೆ ಏನು ಉಳಿಯಿತು ಹೇಳಿ.

ಲೆಕ್ಕ ಹೀಗೆ ಹಾಕಿ. ಕಾರ್ಡಿನ ವ್ಯಾಟ್, ಪ್ರೊಸೆಸರ್‌ಗೆ ಸುಮಾರು 100, ಉಳಿದ ಭಾಗಗಳಿಗೆ 50. ಬಂದ ಮೊತ್ತದ ಒಂದೂವರೆ ಪಟ್ಟು ಎಸ್‌ಎಂಪಿಎಸ್ ಇರಲಿ. 115ರಿಂದ 165 ವ್ಯಾಟ್‌ನ ಕಾರ್ಡುಗಳಿಗೆ ಒಳ್ಳೆಯ ಕಂಪನಿಯ, 80 ಪ್ಲಸ್ (ಕರೆಂಟು ಕಡಿಮೆ ಪೋಲು ಮಾಡುತ್ತದೆ ಎಂಬ ಪ್ರಮಾಣ) ಗುರುತಿನ 550 ವ್ಯಾಟ್ ಸಾಕು. ಖರೀದಿಸುವಾಗ ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಬರೆದಿರುವುದನ್ನೇ ಕೇಳಿ. ಸಂಜೆ ಲೈಟು ಮಂಕಾಗುವ ಊರುಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಗ್ಗದ ಎಸ್‌ಎಂಪಿಎಸ್‌ಗಳು ವೋಲ್ಟೇಜ್ 180ಕ್ಕೆ ಇಳಿದರೆ ತತ್ತರಿಸುತ್ತವೆ.

ಕನೆಕ್ಟರ್ ವಿಷಯ ಇಷ್ಟು. ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ವೈರ್ 75, 8 ಪಿನ್ ವೈರ್ 150. ಹಾರ್ಡ್ ಡಿಸ್ಕ್ ವೈರಿನಿಂದ 8 ಪಿನ್ ಮಾಡುವ ಅಡಾಪ್ಟರ್ ಸಿಗುತ್ತದೆ. ಅದನ್ನು ಹಾಕಬೇಡಿ. ಸಿಂಧನೂರಿನ ಗೆಳೆಯರೊಬ್ಬರ ಮನೆಯಲ್ಲಿ ಆ ಅಡಾಪ್ಟರ್ ಕರಗಿ, ಕಾರ್ಡಿನ ಪಿನ್‌ಗೆ ಅಂಟಿಕೊಂಡಿದ್ದನ್ನು ನಾನೇ ಬಿಡಿಸಿದ್ದೇನೆ. ಸುಟ್ಟ ಪಿನ್‌ಗೆ ವಾರಂಟಿ ಸಿಗಲಿಲ್ಲ.

ಹೆಜ್ಜೆ 4: ಮನೆಯ ಕರೆಂಟು

ನಮ್ಮ ಪಕ್ಕದ ಶಕ್ತಿನಗರದಲ್ಲೇ 1720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರ ಇದೆ. ಆದರೆ ನಿಮ್ಮ ಪ್ಲಗ್ಗಿಗೆ ಬರುವ ವೋಲ್ಟೇಜ್ ನಿಂತಿರುವುದು ಬೀದಿಯ ಟ್ರಾನ್ಸ್‌ಫಾರ್ಮರ್ ಮತ್ತು ಅದರ ಮೇಲಿನ ಲೋಡ್ ಮೇಲೆ. ಮೊದಲು ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಟೆಸ್ಟರ್ ಇಟ್ಟಾಗ ಉರಿದರೆ, ಅಥವಾ ಮುಟ್ಟಿದಾಗ ಜುಮ್ ಅಂದರೆ, ಆ ಪ್ಲಗ್ ಪಾಯಿಂಟಿಗೆ ಸರಿಯಾದ ಅರ್ಥ್ ಇಲ್ಲ. ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದ ಮೇಲೆಯೇ ಹೊಸ ಕಾರ್ಡ್ ತನ್ನಿ.

ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಎರಡು ವಿಷಯ ಗಮನಿಸಬೇಕು. ಒಂದು, ಅದು ಸೈನ್ ವೇವ್ ಇನ್ವರ್ಟರ್ ಆಗಿರಬೇಕು. ಚೌಕಾಕಾರದ ಅಲೆ ಕೊಡುವ ಹಳೆಯ ಮಾದರಿಗಳ ಮೇಲೆ ಹೊಸ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ಆಫ್ ಆಗುತ್ತವೆ. ಎರಡು, ಅದರ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಆ ಕಡೆಗೇ ಇಡಿ. ಸಾಮಾನ್ಯ ಮೋಡ್‌ನಲ್ಲಿ ಲೈನಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತನ್ನು ಫ್ಯಾನು, ದೀಪ ತಡೆದುಕೊಳ್ಳುತ್ತವೆ, ಕಂಪ್ಯೂಟರ್ ತಡೆಯುವುದಿಲ್ಲ. ಬೇರೆ ಯುಪಿಎಸ್ ಕೊಳ್ಳುವುದಾದರೆ 600 ವಿಎ ಅಂದರೆ ಸುಮಾರು 360 ವ್ಯಾಟ್ ಮಾತ್ರ ಅಂತ ನೆನಪಿಡಿ. ಅದು ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಸರಿಯಾಗಿ ಮುಚ್ಚಲು.

ಹೆಜ್ಜೆ 5: ಬಿಸಿಲು ಮತ್ತು ಧೂಳು

ನಮ್ಮ ಕಡೆಯವರಿಗೆ ಬೇರೆ ಯಾರೂ ಹೇಳಿಕೊಡದ ಭಾಗ ಇದು. ಕೋಣೆ 26 ಡಿಗ್ರಿ ಇದ್ದಾಗ ಕಾರ್ಡ್ 70 ಡಿಗ್ರಿ ತೋರಿಸಿದರೆ, ಕೋಣೆ 40 ಆದಾಗ ಅದೇ ಕಾರ್ಡ್, ಅದೇ ಫ್ಯಾನ್ ವೇಗದಲ್ಲಿ ಹತ್ತಿರ ಹತ್ತಿರ 84ಕ್ಕೆ ಹೋಗುತ್ತದೆ. ಫ್ಯಾನು ಜೋರಾಗಿ ಕೂಗುತ್ತದೆ. ಅದೂ ಸಾಲದಾದಾಗ ಕಾರ್ಡ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ವಿಡಿಯೊದಲ್ಲಿ ನೋಡಿದ ಎಫ್‌ಪಿಎಸ್ ನಿಮಗೆ ಮೇ ತಿಂಗಳಲ್ಲಿ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಕಾರ್ಡ್ ಎಳೆಯುವ ಪ್ರತಿ ವ್ಯಾಟ್ ಕೊನೆಗೆ ನಿಮ್ಮ ಕೋಣೆಯಲ್ಲೇ ಶಾಖವಾಗಿ ಉಳಿಯುತ್ತದೆ. ಆರ್‌ಟಿಎಕ್ಸ್ 3060 ಕಾರ್ಡಿನ ಮಿತಿ 170 ವ್ಯಾಟ್, ಆರ್‌ಟಿಎಕ್ಸ್ 4060 ಕಾರ್ಡಿನದು 115. ದಿನಕ್ಕೆ 4 ಗಂಟೆ ಆಡಿದರೆ ತಿಂಗಳಿಗೆ 6.6 ಯುನಿಟ್ ವ್ಯತ್ಯಾಸ. ಬಿಲ್ಲಿನಲ್ಲಿ ಇದು ದೊಡ್ಡದಲ್ಲ. ಆದರೆ ಮುಚ್ಚಿದ ಚಿಕ್ಕ ಕೋಣೆಯಲ್ಲಿ 55 ವ್ಯಾಟ್ ಶಾಖ ಕಡಿಮೆ ಅನ್ನುವುದು ಮೈಗೆ ಗೊತ್ತಾಗುತ್ತದೆ. ಎರಡು ಕಾರ್ಡುಗಳ ವೇಗ ಹತ್ತಿರ ಇದ್ದರೆ ನಾನು ಯಾವಾಗಲೂ ಕಡಿಮೆ ವ್ಯಾಟ್‌ನದನ್ನೇ ಹೇಳುತ್ತೇನೆ. ಒಂದೇ ಫ್ಯಾನ್ ಇರುವ ಪುಟ್ಟ ಮಾದರಿ ಅಗ್ಗ, ಆದರೆ ನಮ್ಮ ಬೇಸಿಗೆಗೆ ಎರಡು ಫ್ಯಾನ್‌ನದು ಇರಲಿ. ಕ್ಯಾಬಿನೆಟ್ಟಿನ ಮುಂದೆ ಗಾಜಿನ ಬದಲು ಜಾಲರಿ ಇರಲಿ. ಒಳಗೆ ಗಾಳಿ ಎಳೆಯಲು ಎರಡು, ಹೊರಗೆ ತಳ್ಳಲು ಒಂದು, 120 ಮಿಮೀ ಫ್ಯಾನ್ ಹಾಕಿದರೆ ಸಾಕು.

ಏರ್ ಕೂಲರ್ ಇದ್ದವರಿಗೆ ಒಂದು ಎಚ್ಚರಿಕೆ. ಅದರ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬೀಳಬಾರದು. ಅದು ತಂಪಾಗಿದ್ದರೂ ತೇವ ಹೊತ್ತು ತರುತ್ತದೆ. ನಮ್ಮ ಬೋರಿನ ಸವಳು ನೀರು ಕೂಲರಿನ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟಿಸುವುದನ್ನು ನೋಡಿದ್ದೀರಿ ಅಲ್ವಾ? ಆ ಹನಿ ಬೋರ್ಡಿನ ಮೇಲೆ ಬೀಳುವುದು ಬೇಡ. ಕೂಲರನ್ನು ಕಂಪ್ಯೂಟರಿನಿಂದ ದೂರ ಇಡಿ, ಒಂದು ಕಿಟಕಿ ತೆರೆದಿಡಿ.

ಧೂಳು ಊರಿನಿಂದ ಊರಿಗೆ ಬೇರೆ. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ ಹತ್ತಿರದ ಮನೆಗಳಲ್ಲಿ ನೂಲಿನಂಥ ನಯವಾದ ಎಳೆ ಕಾರ್ಡಿನ ಹೀಟ್‌ಸಿಂಕ್ (ಶಾಖ ಎಳೆಯುವ ಲೋಹದ ಪಟ್ಟಿಗಳು) ಮೇಲೆ ಕಂಬಳಿ ಹಾಸಿದ ಹಾಗೆ ಕೂರುತ್ತದೆ. ಗಂಗಾವತಿ, ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ತೌಡಿನ ಧೂಳು. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಪುಡಿ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿಟ್ಟುಕೊಳ್ಳಿ. ಗಾಳಿಗೆ ಅದು ಹುಚ್ಚು ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹೆಜ್ಜೆ 6: ಈಗ ಕಾರ್ಡ್

ಮೊದಲು ಅಳತೆ. ಕ್ಯಾಬಿನೆಟ್ಟಿನ ಒಳಗೆ ಹಿಂಬದಿಯ ಪಟ್ಟಿಯಿಂದ ಮುಂದಿನ ಫ್ಯಾನಿನವರೆಗೆ ಟೇಪ್ ಹಿಡಿದು ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ. ಕಾರ್ಡಿನ ಉದ್ದ ಅದಕ್ಕಿಂತ 20 ಮಿಮೀ ಆದರೂ ಕಡಿಮೆ ಇರಲಿ.

ಆಫೀಸಿನಿಂದ ಹೊರಬಂದ ರಿಫರ್ಬಿಷ್ಡ್ ಡೆಲ್, ಎಚ್‌ಪಿ, ಲೆನೊವೊ ಕಂಪ್ಯೂಟರ್ ಇದ್ದವರಿಗೆ ಎಸ್‌ಎಂಪಿಎಸ್ ಬದಲಿಸುವುದು ಕಷ್ಟ. ಎಷ್ಟೋ ಮಾದರಿಗಳಲ್ಲಿ ಕನೆಕ್ಟರೇ ಬೇರೆ. ಅವರಿಗೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಸರಿ. ಅದು 70 ವ್ಯಾಟ್‌ನದು, ಬೇರೆ ವೈರ್ ಬೇಕಿಲ್ಲ. ಅರ್ಧ ಎತ್ತರದ ಕ್ಯಾಬಿನೆಟ್ಟಿಗೆ ಹೊಂದುವ ಲೋ ಪ್ರೊಫೈಲ್ ರೂಪದಲ್ಲೂ ಸಿಗುತ್ತದೆ. ಎಚ್ಚರ, ಇದೇ ಹೆಸರಿನ 8 ಜಿಬಿ ಕಾರ್ಡ್ ಬೇರೆ. ಅದು 130 ವ್ಯಾಟ್, ವೈರ್ ಬೇಕು.

1080ಪಿಯಲ್ಲಿ ಎಲ್ಲ ಆಟ ಆಡಬೇಕು ಅನ್ನುವವರಿಗೆ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600, 2025ರಲ್ಲಿ ಬಂದ ಆರ್‌ಟಿಎಕ್ಸ್ 5060. ನಾಲ್ಕರಲ್ಲೂ ಮೆಮೊರಿ 8 ಜಿಬಿ. ಕ್ರಮವಾಗಿ 132, 115, 165, 145 ವ್ಯಾಟ್. ನಾಲ್ಕೂ ಬೋರ್ಡಿನ ಜೊತೆ 16ರ ಬದಲು 8 ಲೇನ್‌ಗಳಲ್ಲಿ (ಮಾಹಿತಿ ಓಡಾಡುವ ದಾರಿಗಳು) ಮಾತಾಡುತ್ತವೆ. ಬಿ450ರಂಥ ಪಿಸಿಐಇ 3.0 (ಕಾರ್ಡ್ ಕೂರುವ ಸ್ಲಾಟಿನ ಹಳೆಯ ತಲೆಮಾರು) ಬೋರ್ಡಿನಲ್ಲಿ ಇದರಿಂದ ಆಗುವ ನಷ್ಟ ಸಾಮಾನ್ಯವಾಗಿ ಚಿಕ್ಕದು. ಆದರೆ ಕಾರ್ಡಿನ ಮೆಮೊರಿ ತುಂಬಿ ತುಳುಕಿದಾಗ ಜಾಸ್ತಿಯಾಗುತ್ತದೆ. ಹಾಗಾದಾಗ ಟೆಕ್ಸ್ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ. ಎಚ್81ರಂಥ ಹಳೆಯ ಬೋರ್ಡ್ ಪಿಸಿಐಇ 2.0 ಮಾತ್ರ. ಅದಕ್ಕೆ ಹೊಸ ಕಾರ್ಡ್ ಹಾಕುವ ಬದಲು ದುಡ್ಡು ಕೂಡಿಟ್ಟು ಬೋರ್ಡು, ಪ್ರೊಸೆಸರ್ ಸಮೇತ ಬದಲಿಸುವುದು ಒಳ್ಳೆಯದು.

ಐದು ವರ್ಷ ಮುಟ್ಟಬಾರದು, 1440ಪಿ ಬೇಕು ಅಂದರೆ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ. ಎರಡೂ ಹೆಸರಲ್ಲಿ 8 ಜಿಬಿಯವೂ ಇವೆ. ಬಿಲ್ ಹಾಕಿಸುವ ಮೊದಲು ಡಬ್ಬದ ಮೇಲೆ ಜಿಬಿ ಓದಿ. ಇಂಟೆಲ್‌ನ ಆರ್ಕ್ ಬಿ580 ಕಾರ್ಡಿನಲ್ಲಿ 12 ಜಿಬಿ ಇದೆ, ಬೆಲೆಯೂ ಆಕರ್ಷಕ. ಆದರೆ ಅದಕ್ಕೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಟ್ಟಿಗೆ ಮುಟ್ಟುವ ಸೌಲಭ್ಯ) ಬೇಕೇ ಬೇಕು. ಹಳೆಯ ಪ್ರೊಸೆಸರ್ ಜೊತೆ ಅದರ ವೇಗ ಕುಗ್ಗುತ್ತದೆ. ರೈಜೆನ್ 3600 ಇರುವವನಿಗೆ ನಾನು ಹೇಳಲಿಲ್ಲ.

ಬೇಡವಾದವು: ಜಿಟಿ 710, ಜಿಟಿ 730 ಪರದೆ ತೋರಿಸಲು ಸರಿ, ಆಟಕ್ಕಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಕೇವಲ 4 ಲೇನ್‌ನದು, ಹಳೆಯ ಬೋರ್ಡಿನಲ್ಲಿ ತೀರಾ ಸೊರಗುತ್ತದೆ. ಆಟ ರೆಕಾರ್ಡ್ ಮಾಡುವ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಜಿಟಿಎಕ್ಸ್ 10 ಸರಣಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. 2025ರ ಡೂಮ್: ದಿ ಡಾರ್ಕ್ ಏಜಸ್‌ನಂಥ ಆಟಗಳಿಗೆ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕುವ ಶಕ್ತಿ) ಇರುವ ಕಾರ್ಡೇ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಜಿಟಿಎಕ್ಸ್ ಕಾರ್ಡಿಗೆ ದೊಡ್ಡ ದುಡ್ಡು ಕೊಡಬೇಡಿ.

ಬೆಲೆ ವಾರಕ್ಕೊಂದು ಥರ ಇರುತ್ತದೆ. ಆದ್ದರಿಂದ ಒಂದು ವಿಧಾನ ಮಾತ್ರ ಹೇಳುತ್ತೇನೆ. ನೀವು ಆಡುವ ಮೂರು ಆಟಗಳಲ್ಲಿ ಆ ಕಾರ್ಡಿಗೆ ಬಂದ ಎಫ್‌ಪಿಎಸ್‌ನ ಸರಾಸರಿ ತೆಗೆಯಿರಿ. ಕಾರ್ಡಿನ ಬೆಲೆಗೆ ಎಸ್‌ಎಂಪಿಎಸ್ ಬೆಲೆಯನ್ನೂ ಕೂಡಿಸಿ, ಸರಾಸರಿಯಿಂದ ಭಾಗಿಸಿ. ಒಂದು ಎಫ್‌ಪಿಎಸ್‌ಗೆ ಕಡಿಮೆ ರೂಪಾಯಿ ಬಿದ್ದದ್ದು ಗೆದ್ದಿತು. ಅಂಗಡಿಯವರು ಹೇಳುವ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿದೆಯೇ ಅಂತ ಮೊದಲೇ ಕೇಳಿ.

ಸೋದರಳಿಯನಿಗೆ 550 ವ್ಯಾಟ್ ಎಸ್‌ಎಂಪಿಎಸ್, ಎರಡು ಫ್ಯಾನಿನ ಆರ್‌ಟಿಎಕ್ಸ್ 4060 ಕೊಡಿಸಿದೆ. ಇವತ್ತು ಕೇಳಿದ್ದರೆ 5060 ಹೇಳುತ್ತಿದ್ದೆ. ಹಳೆಯ ಬೋರ್ಡಿಗೆ ಅದನ್ನು ಹಾಕುವ ಮೊದಲು ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಬೇಕು, ಅಷ್ಟೇ.

ಹೆಜ್ಜೆ 7: ಎಲ್ಲಿ, ಹೇಗೆ ಕೊಳ್ಳುವುದು

ಬೆಂಗಳೂರಿನ ಎಸ್.ಪಿ. ರೋಡ್ ಎಲ್ಲರಿಗೂ ಗೊತ್ತು. ರಾಯಚೂರಿನವರಿಗೆ ಅದಕ್ಕಿಂತ ಹೈದರಾಬಾದ್ ಹತ್ತಿರ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಕಂಪ್ಯೂಟರ್ ಅಂಗಡಿಗಳು ಸಾಲು ಸಾಲಾಗಿವೆ. ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿಗೆ ಮನೆ ಸೇರಬಹುದು. ಆದರೂ ಊರಿನ ಅಂಗಡಿಯಲ್ಲಿ ಮೊದಲು ವಿಚಾರಿಸಿ. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ ಊರಿನದೇ ವಾಸಿ. ಕೆಟ್ಟಾಗ ಹೋಗಿ ನಿಲ್ಲಲು ಒಂದು ಬಾಗಿಲು ಇರುತ್ತದೆ. ಎಲ್ಲೇ ಕೊಂಡರೂ ಬಿಲ್ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬ ಎಸೆಯಬೇಡಿ, ಆ ಕಂಪನಿಯ ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ ಅಂತ ಕೇಳಿ. ಆನ್‌ಲೈನ್ ಆದರೆ ಪಾರ್ಸೆಲ್ ಒಡೆಯುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೆಟ್ಟದ್ದಲ್ಲ, ಪರೀಕ್ಷೆ ಮಾಡದೆ ಕೊಳ್ಳುವುದು ಕೆಟ್ಟದ್ದು. ನಾನು ಒಮ್ಮೆ ಆರ್‌ಎಕ್ಸ್ 580 ಅಂತ ನಂಬಿ ಒಬ್ಬರಿಂದ ಕೊಂಡೆ. ಮನೆಗೆ ತಂದು ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್ ಜಿಪಿಯು-ಝಡ್‌ನಲ್ಲಿ ನೋಡಿದರೆ 2304 ಶೇಡರ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕ) ಇರಬೇಕಾದ ಕಡೆ 2048 ಇತ್ತು. ಅದೇ ಹೆಸರಿನಲ್ಲಿ ಬಂದ ಸಣ್ಣ ಮಾದರಿ ಅದು, ಶಕ್ತಿ 570ರದ್ದು. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. ಆದ್ದರಿಂದ ಕಾರ್ಡನ್ನು ಓಡುತ್ತಿರುವ ಕಂಪ್ಯೂಟರಿನಲ್ಲೇ ನೋಡಿ. ಜಿಪಿಯು-ಝಡ್ ಒಂದು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಚಿಪ್ಪಿಗೆ ಸುಳ್ಳು ಹೆಸರು ಬರೆದ ಎಷ್ಟೋ ನಕಲಿ ಕಾರ್ಡುಗಳನ್ನು ಅದು ಗುರುತಿಸಿ ಹೇಳುತ್ತದೆ. ಕಾರ್ಡಿಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಅನ್ನು 15 ನಿಮಿಷ ಓಡಿಸಿ. ಪರದೆಯ ಮೇಲೆ ಚುಕ್ಕಿ, ಗೆರೆ ಬಂದರೆ, ಒಂದು ಫ್ಯಾನು ನಿಂತರೆ, ಎದ್ದು ಬನ್ನಿ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಬಿಲ್ಲೂ ಇಲ್ಲ, ಡಬ್ಬವೂ ಇಲ್ಲ ಅನ್ನುವವರ ಹತ್ತಿರ ಹೋಗದಿರುವುದು ಕ್ಷೇಮ.

ಹೆಜ್ಜೆ 8: ಹಾಕುವುದು

ಹಳೆಯ ಕಾರ್ಡ್ ತೆಗೆಯುವ ಮೊದಲು ಹೊಸ ಡ್ರೈವರ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ವಿಂಡೋಸ್ ಅನ್ನು ಸೇಫ್ ಮೋಡ್‌ನಲ್ಲಿ ತೆರೆದು ಡಿಡಿಯು ಎಂಬ ಸಾಫ್ಟ್‌ವೇರಿನಿಂದ ಹಳೆಯ ಡ್ರೈವರ್ ಅಳಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ. ಒಳಗೆ ಉಳಿದ ಕರೆಂಟ್ ಹೋಗುತ್ತದೆ. ನಮ್ಮ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಬೇಗ ಕೂಡುತ್ತದೆ, ಆದ್ದರಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಕೆಲಸ ಶುರು ಮಾಡಿ.

ಸ್ಲಾಟಿನ ತುದಿಯ ಚಿಕ್ಕ ಲಾಕ್ ಒತ್ತಿ ಹಳೆಯದನ್ನು ತೆಗೆಯಿರಿ. ಹೊಸದನ್ನು ನೇರವಾಗಿ ಒತ್ತಿ, ಟಕ್ ಅನ್ನಬೇಕು. ಸ್ಕ್ರೂ ಬಿಗಿಯಿರಿ. 6 ಮತ್ತು 2 ಪಿನ್‌ಗಳನ್ನು ಜೋಡಿಸಿ 8 ಮಾಡಿ ಹಾಕಿ. 4 ಮತ್ತು 4 ಆಗಿ ಸೀಳಿರುವುದು ಪ್ರೊಸೆಸರಿನದು, ಅದನ್ನು ಇಲ್ಲಿಗೆ ತುರುಕಬೇಡಿ. ಮಾನಿಟರ್ ಕೇಬಲ್ಲನ್ನು ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹರ್ಟ್ಸ್ ಎಷ್ಟಿದೆ ನೋಡಿ. 144ರ ಮಾನಿಟರ್ ಎಷ್ಟೋ ಸಲ 60ರಲ್ಲೇ ಕೂತಿರುತ್ತದೆ.

ಎಲ್ಲ ಸರಿ ಹೋದ ಮೇಲೆ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಅನ್ನು 100ರಿಂದ 80ಕ್ಕೆ ಇಳಿಸಿ ಒಮ್ಮೆ ಆಡಿ ನೋಡಿ. ಎಫ್‌ಪಿಎಸ್ ಸ್ವಲ್ಪವೇ ತಗ್ಗುತ್ತದೆ, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ಬೇಸಿಗೆಯ ಮೂರು ತಿಂಗಳು ನಾನು ಹೀಗೇ ಇಡುತ್ತೇನೆ. ಜೊತೆಗೆ ಎಫ್‌ಪಿಎಸ್ ಮಿತಿಯನ್ನು ಮಾನಿಟರಿನ ಹರ್ಟ್ಸ್‌ಗೆ ಕಟ್ಟುತ್ತೇನೆ.

ಮೊದಲ ದಿನವೇ ಅರ್ಧ ಗಂಟೆ ಆಡಿ ಕೋಣೆಯ ತಾಪಮಾನ, ಕಾರ್ಡಿನ ತಾಪಮಾನ, ಎಫ್‌ಪಿಎಸ್ ಮೂರನ್ನೂ ಡಬ್ಬದ ಒಳಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿಡಿ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಅದೇ ಆಟವನ್ನು ಅಷ್ಟೇ ಹೊತ್ತು ಆಡಿ ಪಕ್ಕದಲ್ಲಿ ಮತ್ತೆ ಬರೆಯಿರಿ. ಕೋಣೆ ಏರಿದಷ್ಟೇ ಕಾರ್ಡೂ ಏರಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹತ್ತು ಡಿಗ್ರಿ ಮೇಲೆ ಹೋಗಿದ್ದರೆ ಬ್ಲೋವರ್ ತೆಗೆದುಕೊಳ್ಳಿ, ಹೀಟ್‌ಸಿಂಕ್‌ನಲ್ಲಿ ಹತ್ತಿ ಸಿಕ್ಕಿರುತ್ತದೆ.